ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ

ನಿಮ್ಮ ಮನೆಯ ಅಟ್ಟದ ಮೇಲೆ ಧೂಳು ಹಿಡಿದ ಮರದ ಪೆಟ್ಟಿಗೆಯೊಂದು ಇದೆಯೇ? ಒಳಗೆ ಉಳಿ, ಗರಗಸ, ಕೊಡತಿಗಳ ನಡುವೆ, ಎರಡು ಸರಳುಗಳನ್ನು ಪಕ್ಕಕ್ಕೆ ಚಾಚಿಕೊಂಡ, ಏನೆಂದು ತಿಳಿಯದ ಒಂದು ಕಬ್ಬಿಣದ ಸಾಧನ ಬಿದ್ದಿದೆಯೇ? ಹಾಗಿದ್ದರೆ ಸಹೋದರಿಯರೇ, ಗುಜರಿಯವರು ಬಾಗಿಲಿಗೆ ಬರುವ ಮುನ್ನ ಈ ನಾಲ್ಕು ಮಾತುಗಳನ್ನು ಓದಿಬಿಡಿ.

ಬಡಗಿ ಕೆಲಸ ಮಾಡುತ್ತಿದ್ದ ಹಿರಿಯರು ತೀರಿಕೊಂಡ ಮನೆಗಳಲ್ಲಿ ಅವರ ಉಪಕರಣಗಳು ಕೊನೆಗೆ ಹೆಂಗಸರ ಕೈಯಲ್ಲೇ ಉಳಿಯುತ್ತವೆ. ಗಂಡುಮಕ್ಕಳು ಬೇರೆ ಕೆಲಸ ಹಿಡಿದಿರುತ್ತಾರೆ. ಚಾಮರಾಜನಗರ ತಾಲೂಕಿನ ಬದನಗುಪ್ಪೆಯನ್ನೇ ತೆಗೆದುಕೊಳ್ಳಿ. ಮೈಸೂರು–ಚಾಮರಾಜನಗರ ರೈಲು ಮಾರ್ಗದಲ್ಲಿರುವ ಊರು. ಪಕ್ಕದ ಕೆಲ್ಲಂಬಳ್ಳಿಯನ್ನೂ ಸೇರಿಸಿಕೊಂಡು ಇಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತಿದೆ. ಇಂಥ ಊರಿನ ಹುಡುಗರು ಕಾರ್ಖಾನೆಯ ಕಡೆಗೋ ಮೈಸೂರಿನ ಕಡೆಗೋ ನೋಡುವುದು ಸಹಜ. ಬಾಗಿಲು, ಕಿಟಕಿ, ಕಪಾಟು ಎಲ್ಲವೂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಾಗ ತಾತನ ಹತ್ತರಿ ಯಾರಿಗೆ ಬೇಕು? ಹೀಗೆ ಪೆಟ್ಟಿಗೆ ತಕ್ಕಡಿಗೆ ಏರುತ್ತದೆ. ಹತ್ತರಿಯ ಬೆಲೆಯಲ್ಲ, ಹಳೆಯ ಕಬ್ಬಿಣದ ಬೆಲೆ ಕೈಗೆ ಬರುತ್ತದೆ.

ಆ ಪೆಟ್ಟಿಗೆಯಲ್ಲಿ ಬೆಲೆ ಬಾಳುವುದು ಯಾವುದು, ಅದನ್ನು ಗುರುತಿಸುವುದು ಹೇಗೆ, ಮತ್ತೆ ಕೆಲಸಕ್ಕೆ ತರುವುದು ಹೇಗೆ ಎಂಬುದನ್ನು ಒಂದೇ ಉಪಕರಣವನ್ನು ಮುಂದಿಟ್ಟುಕೊಂಡು ನೋಡೋಣ. ಅದೇ ಕಚ್ಚು ತೆಗೆಯುವ ಹತ್ತರಿ.

ಏನಿದು ಕಚ್ಚು?

ನಿಮ್ಮ ಮನೆಯ ಹಳೆಯ ತೇಗದ ಬಾಗಿಲನ್ನು ಹತ್ತಿರದಿಂದ ನೋಡಿ. ಸುತ್ತಲೂ ದಪ್ಪ ಪಟ್ಟಿಗಳ ಚೌಕಟ್ಟು, ನಡುವೆ ತೆಳು ಹಲಗೆ. ಆ ಹಲಗೆಯನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ. ಚೌಕಟ್ಟಿನ ಒಳ ಅಂಚಿನಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯೊಂದನ್ನು ತೋಡಿ, ಹಲಗೆಯ ಅಂಚನ್ನು ಅದರೊಳಗೆ ಇಳಿಸಿರುತ್ತಾರೆ. ಆ ಕಾಲುವೆಯೇ ಕಚ್ಚು. ಇಂದಿನ ಬಡಗಿಗಳು ಅದನ್ನು 'ಗ್ರೂವ್' ಎನ್ನುತ್ತಾರೆ.

ಹೀಗೇಕೆ ಮಾಡಬೇಕು? ಮರ ಕಡಿದ ಮೇಲೂ ಉಸಿರಾಡುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಅಗಲವಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ತೇಗ ಬಹಳ ಶಾಂತ ಸ್ವಭಾವದ ಮರ. ಆದರೂ 300 ಮಿಲಿಮೀಟರ್ ಅಗಲದ ತೇಗದ ಹಲಗೆ ವರ್ಷದ ಹವಾಮಾನಕ್ಕೆ ತಕ್ಕಂತೆ ಎರಡು ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗಬಲ್ಲದು. ಅಲುಗಾಡದಂತೆ ಮೊಳೆಯಿಂದ ಬಿಗಿದರೆ ಹಲಗೆ ಸೀಳುತ್ತದೆ. ಕಚ್ಚಿನೊಳಗೆ ಅಂಟು ಹಾಕದೆ ಬಿಟ್ಟರೆ ಅದು ಅಲ್ಲೇ ಹಿಗ್ಗಿ ಕುಗ್ಗುತ್ತಾ ನೂರು ವರ್ಷ ಬಾಳುತ್ತದೆ. ಮೇಜಿನ ಡ್ರಾಯರಿನ ತಳ, ಕಪಾಟಿನ ಹಿಂಬದಿ, ಜಾರುವ ಮುಚ್ಚಳದ ಪೆಟ್ಟಿಗೆ, ಎಲ್ಲಕ್ಕೂ ಬೇಕಾದದ್ದು ಇದೇ ಕಚ್ಚು.

ಸಾದಾ ಹತ್ತರಿ ಮರದ ಮೈಯನ್ನು ನಯಗೊಳಿಸುತ್ತದೆ. ಕಚ್ಚಿನ ಹತ್ತರಿ ಕಾಲುವೆ ತೋಡುತ್ತದೆ. ನಮ್ಮ ಉರ್ದು ಮಾತಿನ ಕೆಲಸಗಾರರು ಹತ್ತರಿಗೆ 'ರಂದಾ' ಎಂದೂ ಇದಕ್ಕೆ 'ಝಿರಿ ರಂದಾ' ಎಂದೂ ಹೇಳುತ್ತಾರೆ. ಅಂಗಡಿಯವರು 'ಪ್ಲೌ ಪ್ಲೇನ್' ಎನ್ನುತ್ತಾರೆ. ಇದರ ಅಂಗಗಳು ಐದು. ಮರವನ್ನು ಕೊರೆಯುವ ಕಿರಿದಾದ ಅಲಗು. ಅಲಗಿನ ಹಿಂದೆ ಮುಂದೆ ಕಾಲುವೆಯೊಳಗೇ ಓಡುವ ತೆಳು ಅಡಿಪಟ್ಟಿ. ಹಲಗೆಯ ಅಂಚಿಗೆ ಒತ್ತಿಕೊಂಡು ದಾರಿ ತಪ್ಪದಂತೆ ನೋಡಿಕೊಳ್ಳುವ ಪಕ್ಕಪಟ್ಟಿ. ಪಕ್ಕಪಟ್ಟಿಯನ್ನು ಹಿಡಿದಿರುವ ಎರಡು ಸರಳು. ಬೇಕಾದಷ್ಟು ಆಳವಾದ ಕೂಡಲೇ 'ಸಾಕು' ಎನ್ನುವ ಆಳದ ತಡೆ.

ಕೊಳ್ಳುವಾಗ ಏನು ನೋಡಬೇಕು?

ಮನೆಯಲ್ಲಿ ಇಲ್ಲದವರು ಹಳೆಯದನ್ನು ಹುಡುಕಬಹುದು. ಊರಿನ ಗುಜರಿ ಅಂಗಡಿ, ಕೆಲಸ ನಿಲ್ಲಿಸಿದ ಬಡಗಿಗಳ ಮನೆ, ಬೆಂಗಳೂರಿಗೆ ಹೋದರೆ ಎಸ್.ಜೆ.ಪಿ. ರಸ್ತೆಯ ಸುತ್ತಿನ ಭಾನುವಾರದ ಬಜಾರು ಇದಕ್ಕೆ ತಕ್ಕ ಜಾಗಗಳು. ಇಂಗ್ಲೆಂಡಿನ ಶೆಫೀಲ್ಡಿನ 'ರೆಕಾರ್ಡ್' ಮತ್ತು ಅಮೆರಿಕದ 'ಸ್ಟ್ಯಾನ್ಲಿ' ಹೆಸರುಗಳು ಮೈಮೇಲೆ ಅಚ್ಚಾಗಿದ್ದರೆ ಗಮನವಿಟ್ಟು ನೋಡಿ. ರೆಕಾರ್ಡಿನ 043 ಚಿಕ್ಕದು, ಮೂರು ಅಲಗಿನದು. ಮನೆಯ ಸಣ್ಣ ಕೆಲಸಕ್ಕೆ ಹೇಳಿಮಾಡಿಸಿದಂಥದು. ಸ್ಟ್ಯಾನ್ಲಿಯ 45 ಎಂಬುದು 1880ರ ದಶಕದಿಂದ 1960ರ ದಶಕದ ಆರಂಭದವರೆಗೆ ತಯಾರಾಯಿತು. ಅದಕ್ಕೆ ಸುಮಾರು 20 ಅಲಗುಗಳು. ಅವುಗಳಲ್ಲಿ ಅರ್ಧ ಕಳೆದುಹೋಗಿದ್ದರೂ ಚಿಂತೆಯಿಲ್ಲ, ಕಾಲು ಇಂಚಿನದು ಇದ್ದರೆ ಮನೆಯ ಮುಕ್ಕಾಲು ಕೆಲಸ ನಡೆಯುತ್ತದೆ.

ಹೆಸರಿಗಿಂತ ಸ್ಥಿತಿ ಮುಖ್ಯ. ಈ ಕ್ರಮದಲ್ಲಿ ಪರೀಕ್ಷಿಸಿ.

ಮೊದಲು ಅಡಿಪಟ್ಟಿ. ಹತ್ತರಿಯನ್ನು ತಲೆಕೆಳಗು ಮಾಡಿ, ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವಾಗ ನೋಡುವಂತೆ ಉದ್ದಕ್ಕೆ ದಿಟ್ಟಿಸಿ. ಬಾಗಿದ್ದರೆ ಅಥವಾ ತಿರುಚಿದ್ದರೆ ಬಿಟ್ಟುಬಿಡಿ. ಅದನ್ನು ಮನೆಯಲ್ಲಿ ಸರಿಪಡಿಸಲಾಗದು.

ಎರಡನೆಯದು ಬಿರುಕು. ಇವುಗಳ ಮೈ ಎರಕದ ಕಬ್ಬಿಣ. ಕೆಳಗೆ ಬಿದ್ದರೆ ಗಾಜಿನಂತೆ ಒಡೆಯುತ್ತದೆ, ಬೆಸುಗೆಗೆ ಸುಲಭವಾಗಿ ಒಗ್ಗುವುದಿಲ್ಲ. ಅನುಮಾನವಿದ್ದರೆ ಸೀಮೆಎಣ್ಣೆ ಸವರಿ, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನೊಳಗೆ ಅಡಗಿದ ಎಣ್ಣೆ ಹೊರಗೆ ಜಿನುಗಿ ಪುಡಿಯ ಮೇಲೆ ಗೆರೆ ಮೂಡಿಸುತ್ತದೆ.

ಮೂರನೆಯದು ಪಕ್ಕಪಟ್ಟಿ. ಅದಕ್ಕೂ ಅಡಿಪಟ್ಟಿಗೂ ನಡುವಿನ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ಹತ್ತರಿ ಮರದಲ್ಲಿ ಸಿಕ್ಕಿಕೊಳ್ಳುತ್ತದೆ.

ನಾಲ್ಕನೆಯದು ಸ್ಕ್ರೂಗಳು. ಇದನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಇಂಗ್ಲಿಷ್, ಅಮೆರಿಕನ್ ಸ್ಕ್ರೂಗಳ ಥ್ರೆಡ್ ಇಂಚಿನ ಲೆಕ್ಕದ್ದು. ಇಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಿಲಿಮೀಟರ್ ಲೆಕ್ಕದ ಸ್ಕ್ರೂ ಅದಕ್ಕೆ ಕೂರುವುದಿಲ್ಲ. ಒಂದು ಕಳೆದುಹೋದರೆ ಲೇತ್ ಕೆಲಸದವರ ಬಳಿಯೇ ಮಾಡಿಸಬೇಕು. ಆ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ. ಆಳದ ತಡೆ ಕಳೆದುಹೋಗಿದ್ದರೂ ಇದೇ ಲೆಕ್ಕ.

ಕೊನೆಗೆ ಅಲಗು. ಇಳಿಜಾರಾಗಿ ಮಸೆದ ಬದಿಯಲ್ಲಿ ತುಕ್ಕಿದ್ದರೆ ಮಸೆದಾಗ ಹೋಗುತ್ತದೆ. ಆದರೆ ಚಪ್ಪಟೆ ಬದಿಯ ತುದಿಯಲ್ಲಿ ತುಕ್ಕು ಗುಳಿ ಮಾಡಿದ್ದರೆ ಎಷ್ಟು ಮಸೆದರೂ ಅಂಚು ಹಲ್ಲುಹಲ್ಲಾಗಿಯೇ ಉಳಿಯುತ್ತದೆ. ಅಲಗಿನ ಅಗಲ ಅಡಿಪಟ್ಟಿಯ ದಪ್ಪಕ್ಕಿಂತ ತುಸು ಹೆಚ್ಚಿರಲೇಬೇಕು. ಇಲ್ಲದಿದ್ದರೆ ಅಡಿಪಟ್ಟಿ ಕಾಲುವೆಯೊಳಗೆ ಇಳಿಯುವುದೇ ಇಲ್ಲ.

ಮರದ ಮೈಯ ಹತ್ತರಿಯಾದರೆ ಗೆದ್ದಲು, ಹುಳುವಿನ ತೂತು, ಅಲಗಿನ ಬಾಯಿಯ ಸುತ್ತಿನ ಸೀಳು, ಅಲಗನ್ನು ಬಿಗಿಯುವ ಬೆಣೆಯ ಹಿಡಿತ ಇವಿಷ್ಟನ್ನು ನೋಡಿದರೆ ಸಾಕು.

ತುಕ್ಕಿಗೆ ಅಡುಗೆಮನೆಯ ಮದ್ದು

ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಚಿತ್ರ ತೆಗೆದಿಡಿ. ಸ್ಕ್ರೂ ಹಿಡಿದುಕೊಂಡಿದ್ದರೆ ಬಲ ಪ್ರಯೋಗಿಸಬೇಡಿ. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ, ಅದು ಸಿಗದಿದ್ದರೆ ಡೀಸೆಲಿನಲ್ಲಿ ನೆನೆಸಿಡಿ. ಒಲೆಯಿಂದಲೂ ಮಕ್ಕಳಿಂದಲೂ ದೂರವಿರಲಿ. ಸ್ಕ್ರೂವಿನ ಸೀಳಿಗೆ ತುಂಬಿ ಕೂರುವಂಥ ಡ್ರೈವರನ್ನೇ ಬಳಸಿ.

ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಮಾಡುವ ಕೆಲಸವನ್ನು ತುಕ್ಕು ಹಿಡಿದ ಕಬ್ಬಿಣಕ್ಕೆ ಬಿಳಿ ವಿನಿಗರ್ ಮಾಡುತ್ತದೆ. ಎರಡೂ ಹುಳಿಯ ಗುಣವೇ. ಅಲಗು, ಸ್ಕ್ರೂ, ಸರಳುಗಳನ್ನು ಕೆಲವು ಗಂಟೆ ಮುಳುಗಿಸಿಟ್ಟು ಆಗಾಗ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಮರೆತು ದಿನಗಟ್ಟಲೆ ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಹೊಳೆಯುವ ನಿಕಲ್ ಲೇಪನವಿರುವ ಭಾಗಗಳನ್ನು ಹುಳಿಯಲ್ಲಿ ಅದ್ದಬೇಡಿ, ಲೇಪನ ಏಳುತ್ತದೆ. ಹೊರತೆಗೆದ ಮೇಲೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ, ಬಿಸಿಲಿನಲ್ಲಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ಅದರಲ್ಲಿ ಸೀಸವಿರುವ ಸಾಧ್ಯತೆಯಿದೆ, ಮಕ್ಕಳಿಗೆ ಅದು ವಿಷ.

ಮರದ ಭಾಗಗಳಿಗೆ ತೆಳುವಾಗಿ ಅಗಸೆ ಎಣ್ಣೆ ಹಚ್ಚಿ. ಆದರೆ ಎಚ್ಚರ! ಅಗಸೆ ಎಣ್ಣೆಯ ಬಟ್ಟೆಯನ್ನು ಮುದುರಿ ಮೂಲೆಗೆಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ ಅನಂತರವೇ ಬಿಸಾಡಿ.

ಮಸೆಯುವುದು, ಹೊಂದಿಸುವುದು

ಅಲಗಿನ ಚಪ್ಪಟೆ ಬದಿಯನ್ನು ಮೊದಲು ಸಾಣೆಕಲ್ಲಿನ ಮೇಲೆ ಮಟ್ಟ ಮಾಡಬೇಕು. ಅನಂತರ ಇಳಿಜಾರು ಬದಿಯನ್ನು ಸುಮಾರು 30 ಡಿಗ್ರಿ ಕೋನದಲ್ಲಿ ಮಸೆಯಬೇಕು. ಅಂಚು ಪಕ್ಕಕ್ಕೆ ನೇರ ಮೂಲೆಯಲ್ಲಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿ. ಅಂಚು ಓರೆಯಾದರೆ ಕಾಲುವೆಯ ತಳವೂ ಓರೆಯಾಗುತ್ತದೆ. ವಿದ್ಯುತ್ ಸಾಣೆಗೆ ಕೊಟ್ಟರೆ ಪದೇ ಪದೇ ನೀರಿನಲ್ಲಿ ಅದ್ದಲು ಹೇಳಿ. ತುದಿ ನೀಲಿಗಟ್ಟಿದರೆ ಉಕ್ಕಿನ ಗಡಸು ಹೋಯಿತೆಂದೇ ಅರ್ಥ.

ಪಕ್ಕಪಟ್ಟಿಯಲ್ಲಿ ಎರಡು ತೂತುಗಳಿದ್ದರೆ ಅವು ಸುಮ್ಮನೆ ಇಟ್ಟದ್ದಲ್ಲ. ನುಣುಪಾದ ಮರದ ಪಟ್ಟಿಯೊಂದನ್ನು ಅಲ್ಲಿ ಸ್ಕ್ರೂ ಹಾಕಿ ಕೂರಿಸಿದರೆ ಆಧಾರ ಹೆಚ್ಚುತ್ತದೆ, ಕೆಲಸದ ಹಲಗೆಗೆ ಗೀರೂ ಬೀಳುವುದಿಲ್ಲ. ಅಡಿಪಟ್ಟಿಗೆ ಮೇಣದಬತ್ತಿ ಉಜ್ಜಿದರೆ ಸಲೀಸಾಗಿ ಓಡುತ್ತದೆ.

ಮೊದಲು ಬೇಡದ ತುಂಡಿನ ಮೇಲೆ ಅಭ್ಯಾಸ ಮಾಡಿ. ಹಲಗೆಯ ಆಚೆ ತುದಿಯಿಂದ ಶುರುಮಾಡಿ, ಚಿಕ್ಕ ಚಿಕ್ಕ ತಳ್ಳುಗಳಲ್ಲಿ ಹಿಂದಕ್ಕೆ ಬರುತ್ತಾ, ಕೊನೆಗೆ ಉದ್ದಕ್ಕೂ ತಳ್ಳಿ. ಬಲಗೈ ಮುಂದಕ್ಕೆ ತಳ್ಳಲಿ, ಎಡಗೈ ಪಕ್ಕಪಟ್ಟಿಯನ್ನು ಅಂಚಿಗೆ ಒತ್ತಲಿ. ಕಚ್ಚಿನ ಅಗಲ ಹಲಗೆಯ ದಪ್ಪದ ಮೂರನೇ ಒಂದು ಭಾಗವನ್ನು ಮೀರದಿರಲಿ. 18 ಮಿಲಿಮೀಟರ್ ಹಲಗೆಗೆ 6 ಮಿಲಿಮೀಟರ್. ಹಳೆಯ ಕಾಲು ಇಂಚಿನ ಅಲಗು 6.35 ಮಿಲಿಮೀಟರ್ ಕೊರೆಯುತ್ತದೆ, ಆದ್ದರಿಂದ ಇಂದಿನ 6 ಮಿಲಿಮೀಟರ್ ಪ್ಲೈವುಡ್ ಅದರಲ್ಲಿ ಸಡಿಲವಾಗಿ ಕೂರುತ್ತದೆ ಎಂಬುದು ನೆನಪಿರಲಿ.

ವಿದ್ಯುತ್ ಯಂತ್ರವಿರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಇಪ್ಪತ್ತು ಬಾಗಿಲು ಮಾಡುವವರಿಗೆ ಯಂತ್ರವೇ ಸರಿ. ಆದರೆ ಮನೆಯ ಒಂದು ಡ್ರಾಯರಿನ ತಳ ಸರಿಪಡಿಸಲು, ಮಗು ಮಲಗಿರುವಾಗ ಸದ್ದಿಲ್ಲದೆ, ಮೂಗಿಗೆ ಧೂಳಿಲ್ಲದೆ, ಕರೆಂಟು ಹೋದರೂ ನಿಲ್ಲದೆ ಕೆಲಸ ಮಾಡುವುದು ಈ ಕೈಹತ್ತರಿಯೇ. ಕೈಕೆಲಸ ಕಲಿಯುವ ಹುಡುಗನಿಗೂ ಹುಡುಗಿಗೂ ಮರದ ಸ್ವಭಾವ ತಿಳಿಯುವುದು ಇದರಿಂದಲೇ.

ಇದೂ ಆಸ್ತಿಯೇ

ಉಪಕರಣಗಳ ಪೆಟ್ಟಿಗೆ ಮೃತರು ಬಿಟ್ಟುಹೋದ ಸೊತ್ತು. ಹೊಲ, ಮನೆ, ಒಡವೆಗಳಲ್ಲಿ ಪತ್ನಿಗೂ ಹೆಣ್ಣುಮಕ್ಕಳಿಗೂ ಪಾಲು ಇರುವಂತೆ ಇದರಲ್ಲೂ ಇದೆ. ಮಗನೊಬ್ಬನೇ ಎತ್ತಿಕೊಂಡು ಹೋಗುವಂಥದ್ದಲ್ಲ, ಯಾರೋ ಕೇಳಿದರೆಂದು ಕೊಟ್ಟುಬಿಡುವಂಥದ್ದೂ ಅಲ್ಲ. ಒಂದೊಂದನ್ನೂ ಬಿಡಿಯಾಗಿಟ್ಟು, ಕೆಲಸ ಬಲ್ಲ ಒಬ್ಬ ಬಡಗಿಗೆ ತೋರಿಸಿ, ಉಪಕರಣವಾಗಿ ಬೆಲೆ ಕಟ್ಟಿಸಿ. ಕಬ್ಬಿಣವಾಗಿ ತೂಗಿಸಬೇಡಿ. ಒಂಟಿಯಾಗಿ ಸಂಸಾರ ತೂಗಿಸುವ ಹೆಣ್ಣಿಗೆ ಆ ವ್ಯತ್ಯಾಸ ಒಂದು ತಿಂಗಳ ದಿನಸಿಯೂ ಆಗಬಹುದು.

ಮಾರುವುದೇ ಆದರೆ ಐಬನ್ನು ಮುಚ್ಚಿಡಬೇಡಿ. ಬಿರುಕಿದ್ದರೆ, ಸ್ಕ್ರೂ ಬೇರೆಯದಾಗಿದ್ದರೆ ಬಾಯಿಬಿಟ್ಟು ಹೇಳಿ. ಮೇಲೆ ಒಣಗಿದ್ದು ಒಳಗೆ ಒದ್ದೆಯಾಗಿದ್ದ ಧಾನ್ಯದ ರಾಶಿಗೆ ಕೈಹಾಕಿ ನೋಡಿ ಮಾರಾಟಗಾರನನ್ನು ಎಚ್ಚರಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳು ನಾವು. ಆ ಪಾಠ ಧಾನ್ಯಕ್ಕೆ ಮಾತ್ರ ಸೀಮಿತವಲ್ಲ.

ಉಳಿಸಿಕೊಳ್ಳುವುದಾದರೆ ಎಣ್ಣೆ ಸವರಿ ಮತ್ತೆ ಅಟ್ಟಕ್ಕೆ ಏರಿಸಬೇಡಿ, ಮಕ್ಕಳ ಕೈಗೆ ಕೆಲಸ ಕೊಡಿ. ಶುರುವಿಗೆ ಒಂದು ಗೇಣುದ್ದದ, ಜಾರುವ ಮುಚ್ಚಳದ ಪೆಟ್ಟಿಗೆ ಸಾಕು. ಎರಡು ಪಕ್ಕದ ಹಲಗೆಗಳ ಒಳಮೈಯಲ್ಲಿ, ಮೇಲಂಚಿನ ಹತ್ತಿರ ಒಂದೊಂದು ಕಚ್ಚು. ಅವುಗಳ ನಡುವೆ ಓಡುವ ತೆಳು ಮುಚ್ಚಳ. ಮೊಳೆಯಿಲ್ಲದೆ, ಕೀಲಿಲ್ಲದೆ ಮುಚ್ಚಳ ಒಳಗೆ ಸರಿದು 'ಟಪ್' ಎಂದು ಕೂತಾಗ ಮಗುವಿನ ಮುಖ ನೋಡಿ. ಆ ಹತ್ತರಿಯ ನಿಜವಾದ ಬೆಲೆ ನಿಮಗೆ ಅಲ್ಲಿ ಕಾಣಿಸುತ್ತದೆ.