ಸಣಕಲು ಕೈಯ ಚುರುಕು

'ಮನಸ್ಸಿದ್ದರೆ ಮಾರ್ಗ' ಎಂಬ ಮಾತನ್ನು ಶಾಲೆಯ ಗೋಡೆಯಿಂದ ಹಿಡಿದು ಲಾರಿಯ ಬೆನ್ನಿನವರೆಗೆ ಎಲ್ಲೆಡೆ ಓದುತ್ತೇವೆ. ಮನಸ್ಸು ಮಾಡಿದ ಮೇಲೆ ಮಾರ್ಗ ತೆರೆದುಕೊಳ್ಳುವುದಾದರೂ ಹೇಗೆ? ವ್ಯಕ್ತಿತ್ವ ವಿಕಸನದ ಪುಸ್ತಕಗಳು ಈ ಪ್ರಶ್ನೆಯನ್ನು ಬೇಗ ದಾಟಿಬಿಡುತ್ತವೆ. ಉತ್ತರ ಬೇಕಿದ್ದರೆ 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈಯನ್ನು ನೋಡಬೇಕು.

ಇನ್ನೂ ಐದಾರು ವರ್ಷದ ಬಾಲಕನಾಗಿದ್ದಾಗಲೇ ಪೋಲಿಯೊ ಆ ಕೈಯನ್ನು ಸೊರಗಿಸಿತ್ತು. ಇಂತಹ ಮಗುವನ್ನು 'ಪಾಪ' ಎಂದು ಮೂಲೆಯಲ್ಲಿ ಕೂರಿಸುವುದು ನಮ್ಮ ಮನೆಗಳ ರೂಢಿ. ಹುಡುಗ ಮಾತ್ರ ಬೆಂಗಳೂರಿನ ಬೀದಿಗಳಲ್ಲಿ ರಬ್ಬರ್ ಚೆಂಡು ಹಿಡಿದು ಓಡಿದ. ವೇಗದ ಬೌಲಿಂಗ್ ಸೇರಿದಂತೆ ಬಗೆಬಗೆಯ ಶೈಲಿಗಳನ್ನು ಪ್ರಯತ್ನಿಸಿ ಕೊನೆಗೆ ಲೆಗ್‌ಸ್ಪಿನ್‌ಗೆ ಬಂದ. 1964ರ ಜನವರಿಯಲ್ಲಿ, 18ರ ಹರೆಯದಲ್ಲಿ, ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿ ಮೊದಲ ಇನಿಂಗ್ಸ್‌ನಲ್ಲೇ 67 ರನ್‌ಗೆ 4 ವಿಕೆಟ್ ಪಡೆದಾಗ, ಈ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಲೆಗ್‌ಸ್ಪಿನ್ನರ್ ಎಂದರೆ ಚೆಂಡನ್ನು ನಿಧಾನವಾಗಿ ತೇಲಿಸಿ ಬ್ಯಾಟ್ಸ್‌ಮನ್‌ಗೆ ಆಸೆ ಹುಟ್ಟಿಸುವವನು. ಚಂದ್ರ ಹಾಗಲ್ಲ. ದೂರದಿಂದ ಓಡಿಬಂದು, ಹೆಚ್ಚುಕಡಿಮೆ ಮಧ್ಯಮ ವೇಗದಲ್ಲಿ ಗೂಗ್ಲಿ ಎಸೆಯುತ್ತಿದ್ದರು. ಚೆಂಡು ಯಾವ ಕಡೆ ತಿರುಗುತ್ತದೆಂದು ನೋಡಿ ತಿಳಿಯುವಷ್ಟರಲ್ಲಿ ಅದು ಸ್ಟಂಪ್ ಮುಟ್ಟಿರುತ್ತಿತ್ತು. ಸಣಕಲು ಕೈ ಚಾವಟಿಯಂತೆ ಬೀಸುತ್ತಿದ್ದುದೇ ಇದರ ಗುಟ್ಟು ಎಂದು ಹಲವರು ವಿವರಿಸಿದ್ದಾರೆ. ಅದು ಅರ್ಧ ಸತ್ಯವಷ್ಟೇ. ಪೋಲಿಯೊ ತಗುಲಿದ ಕೈಗಳು ಈ ದೇಶದಲ್ಲಿ ಲೆಕ್ಕವಿಲ್ಲದಷ್ಟಿದ್ದವು, ಚಂದ್ರ ಒಬ್ಬರೇ. ರೋಗವನ್ನೇ ವರವೆಂದು ಬಣ್ಣಿಸುವುದು ಉಳಿದವರಿಗೆ ಮಾಡುವ ಅನ್ಯಾಯ.

ಗಮನಿಸಬೇಕಾದ ಸಂಗತಿ ಬೇರೆಯಿದೆ. ಫೀಲ್ಡಿಂಗ್ ಮಾಡುವಾಗ ಚಂದ್ರ ಚೆಂಡೆಸೆಯುತ್ತಿದ್ದುದು ಎಡಗೈಯಿಂದ. ಬಲಗೈ ಎಲ್ಲವನ್ನೂ ಮಾಡಲೇಬೇಕೆಂಬ ಹಟವಿರಲಿಲ್ಲ. ಅದರಿಂದ ಆಗುವ ಒಂದು ಕೆಲಸವನ್ನು ಸಾವಿರಾರು ಸಲ ಮಾಡಿಸಿದರು. ಅಂದಹಾಗೆ, ಈ ಆಶಾವಾದಿಗೆ ಪ್ರಿಯವಾಗಿದ್ದುದು ಮುಕೇಶರ ವಿಷಾದದ ಹಾಡುಗಳು! ಅವರನ್ನು ಹುರಿದುಂಬಿಸಲು ಗವಾಸ್ಕರ್ ಮೈದಾನದಲ್ಲೇ ಅವನ್ನು ಗುನುಗುತ್ತಿದ್ದರಂತೆ.

ದಾರಿಯೇನೂ ಸುಗಮವಾಗಿರಲಿಲ್ಲ. 1967-68ರ ಆಸ್ಟ್ರೇಲಿಯಾ ಪ್ರವಾಸದಿಂದ ಗಾಯಗೊಂಡು ಮರಳಿದವರಿಗೆ ಮೂರು ವರ್ಷಕ್ಕೂ ಮೀರಿ ಟೆಸ್ಟ್ ತಂಡದಲ್ಲಿ ಜಾಗವಿರಲಿಲ್ಲ. 1971ರ ವೆಸ್ಟ್ ಇಂಡೀಸ್ ಪ್ರವಾಸವೂ ತಪ್ಪಿತು. ಅದೇ ವರ್ಷ ಇಂಗ್ಲೆಂಡ್‌ಗೆ ಕರೆ ಬಂತು. ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡ್‌ನ ಎರಡನೇ ಇನಿಂಗ್ಸ್. ಎಡ್ರಿಚ್‌ಗೆ ಚಂದ್ರ ಗೂಗ್ಲಿ ಹಾಕಲಿದ್ದಾಗ ದಿಲೀಪ್ ಸರ್‌ದೇಸಾಯಿ 'ಮಿಲ್ ರೀಫ್' ಎಂದು ಕೂಗಿದರಂತೆ. ಅದು ಆ ವರ್ಷ ಹೆಸರು ಮಾಡಿದ್ದ ಪಂದ್ಯದ ಕುದುರೆ. ಚಂದ್ರರ ವೇಗದ ಎಸೆತಕ್ಕೆ ಗೆಳೆಯರು ಇಟ್ಟ ಸಂಕೇತ. ಎಡ್ರಿಚ್ ಬ್ಯಾಟ್ ಇಳಿಸುವ ಮುನ್ನವೇ ಬೌಲ್ಡ್. ಮುಂದಿನ ಚೆಂಡಿಗೆ ಫ್ಲೆಚರ್, ಸೋಲ್ಕರ್ ಕೈಯಲ್ಲಿ. ಚಂದ್ರ 38 ರನ್‌ಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು ಅಂದೇ ಒಟ್ಟಿಗೆ ಬಂದವು.

ಎಷ್ಟೇ ದುಡಿದರೂ ಕೆಲವು ವಿದ್ಯೆ ಒಲಿಯುವುದಿಲ್ಲ ಎಂಬುದಕ್ಕೂ ಇವರೇ ಸಾಕ್ಷಿ. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಕಿತ್ತವರು ಬ್ಯಾಟ್ ಬೀಸಿ ಗಳಿಸಿದ್ದು ಒಟ್ಟು 167 ರನ್. 1977-78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಸಾಲುಸಾಲು ಸೊನ್ನೆ ಸುತ್ತಿದಾಗ, ತಮಾಷೆಗೆ ಅವರಿಗೆ ನಡುವೆ ತೂತಿರುವ ಬ್ಯಾಟ್ ಉಡುಗೊರೆಯಾಗಿ ಬಂತು. ಅದೇ ಪ್ರವಾಸದ ಮೆಲ್ಬರ್ನ್ ಟೆಸ್ಟ್‌ನಲ್ಲಿ ಚಂದ್ರ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್‌ಗೆ ತಲಾ 6 ವಿಕೆಟ್ ಪಡೆದರು. ಆಸ್ಟ್ರೇಲಿಯಾ ನೆಲದಲ್ಲಿ ಭಾರತ ಮೊದಲ ಬಾರಿ ಟೆಸ್ಟ್ ಗೆದ್ದಿತು.