ಸ್ಟೀವನೇಜ್: ಮನೆ ಬೇಕಿದ್ದರೆ ಮೊದಲು ಕೆಲಸ

ಪ್ರಶ್ನೆ: ಲಂಡನ್ನಿಗೆ ರೈಲಿನಲ್ಲಿ ದಿನವೂ ಓಡಾಡುವವರ ಊರು ಸ್ಟೀವನೇಜ್. ಅಲ್ಲಿ ಉಪಗ್ರಹ ಕಾರ್ಖಾನೆ ಹೇಗೆ ಬಂತು?

ಉತ್ತರ: ಆ ಊರನ್ನು ಕಟ್ಟಿದ್ದೇ ಯಾರೂ ಲಂಡನ್ನಿಗೆ ಓಡಾಡಬಾರದು ಎಂದು! ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಲಂಡನ್ನಿನಲ್ಲಿ ಮನೆಗಳಿಗೆ ಹಾಹಾಕಾರ. ಅಲ್ಲಿನವರಿಗೆ ಮನೆಯನ್ನೂ ಕೆಲಸವನ್ನೂ ಒಂದೇ ಊರಿನಲ್ಲಿ ಕೊಡಲೆಂದು 1946ರಲ್ಲಿ ಹೊಸ ನಗರಗಳ ಕಾಯ್ದೆ ಬಂತು. ಆ ನವೆಂಬರಿನಲ್ಲಿ ಸ್ಟೀವನೇಜ್ ಮೊದಲನೆಯ ಹೊಸ ನಗರವಾಯಿತು. ಸುಮಾರು ಆರು ಸಾವಿರ ಜನರಿದ್ದ ಹಳೆಯ ಊರಿನವರು ಕೆರಳಿದರು. ಯೋಜನೆ ವಿವರಿಸಲು ಬಂದ ಸಚಿವ ಲೂಯಿಸ್ ಸಿಲ್ಕಿನ್ ಅವರ ಕಾರಿನ ಟೈರಿನ ಗಾಳಿ ತೆಗೆದರು, ರೈಲು ನಿಲ್ದಾಣದ ಫಲಕಕ್ಕೆ ಸೋವಿಯತ್ ನಗರದ ಹೆಸರಿನ ಧಾಟಿಯಲ್ಲಿ ‘ಸಿಲ್ಕಿನ್‌ಗ್ರಾಡ್’ ಎಂದು ಬರೆದರು. ಬೈಗುಳದಲ್ಲೂ ಎಂಥ ಜಾಣತನ ನೋಡಿ.

ಆದರೂ ಹೊಸ ನಗರ ಎದ್ದಿತು: ರೈಲು ಹಳಿಯ ಪಶ್ಚಿಮಕ್ಕೆ ಕಾರ್ಖಾನೆಗಳು, ಪೂರ್ವಕ್ಕೆ ಬೆಡ್‌ವೆಲ್, ಬ್ರಾಡ್‌ವಾಟರ್‌ನಂಥ ಬಡಾವಣೆಗಳು. ನಡುವೆ ಪ್ರತ್ಯೇಕ ಸೈಕಲ್ ದಾರಿ. ಊರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕವರಿಗೆ ನಗರ ಕಟ್ಟುತ್ತಿದ್ದ ಅಭಿವೃದ್ಧಿ ನಿಗಮದ ಬಾಡಿಗೆ ಮನೆ ಸಿಗುತ್ತಿತ್ತು. ಹಾಗೆ ಬಂದ ಕಂಪನಿಗಳಲ್ಲಿ ಡಿ ಹ್ಯಾವಿಲೆಂಡ್ ಪ್ರೊಪೆಲರ್ಸ್ ಒಂದು. ಅದು ಇಲ್ಲಿ ಬ್ಲೂ ಸ್ಟ್ರೀಕ್ ಕ್ಷಿಪಣಿಗೆ ಕೈಹಾಕಿತು. 1960ರಲ್ಲಿ ಸೇನೆಗೆ ಅದು ಬೇಡವಾದರೂ ಪರಿಣತರು ಉಳಿದರು. ಮಾಲೀಕರು ಬದಲಾಗುತ್ತಾ ಇಂದು ಅಲ್ಲಿರುವುದು ಏರ್‌ಬಸ್‌ನ ಉಪಗ್ರಹ ಕಾರ್ಖಾನೆ. ಮಂಗಳನಿಗೆಂದು ತಯಾರಾದ ರೊಸಾಲಿಂಡ್ ಫ್ರಾಂಕ್ಲಿನ್ ರೋವರ್ ಜೋಡಣೆಯಾದದ್ದೂ ಅಲ್ಲೇ.

ಇನ್ನು ಲಂಡನ್ ಓಡಾಟ: 1973ರಲ್ಲಿ ನಿಲ್ದಾಣವನ್ನು ಹೊಸ ಪೇಟೆಯ ಪಕ್ಕಕ್ಕೇ ತಂದರು. ವೇಗದ ರೈಲು ಹಿಡಿದರೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣಕ್ಕೆ ಅರ್ಧ ಗಂಟೆ ಸಾಕು. 1980ರ ನಂತರ ಬಾಡಿಗೆದಾರರು ಮನೆಗಳನ್ನು ಕೊಳ್ಳುವ ಹಕ್ಕು ಪಡೆದ ಮೇಲಂತೂ, ಆ ಮನೆಗಳು ಮಾರಾಟಕ್ಕೆ ಬಂದಾಗ ಕೊಳ್ಳುವವನ ಕೆಲಸ ಎಲ್ಲಿ ಎಂದು ಕೇಳುವವರೇ ಇರಲಿಲ್ಲ.