ಸಾರ್ವಜನಿಕ–ಖಾಸಗಿ ಸಹಭಾಗಿತ್ವದ ನಗರ ಪುನರಭಿವೃದ್ಧಿ

ಸಾರ್ವಜನಿಕ–ಖಾಸಗಿ ಸಹಭಾಗಿತ್ವದ ನಗರ ಪುನರಭಿವೃದ್ಧಿ ಎಂದರೆ ನಗರಪಾಲಿಕೆ, ಅಭಿವೃದ್ಧಿ ಪ್ರಾಧಿಕಾರ ಅಥವಾ ಸರ್ಕಾರದ ಒಡೆತನದ ಜಮೀನಿನಲ್ಲಿ ಖಾಸಗಿ ಸಂಸ್ಥೆಯು ಬಂಡವಾಳ ಹೂಡಿ ಹೊಸ ಕಟ್ಟಡಗಳನ್ನು ನಿರ್ಮಿಸುವ ವ್ಯವಸ್ಥೆ. ಮಾರುಕಟ್ಟೆ, ವಾಣಿಜ್ಯ ಸಂಕೀರ್ಣ, ವಸತಿ ಸಮುಚ್ಚಯ ಮೊದಲಾದವು ಇದರ ವ್ಯಾಪ್ತಿಗೆ ಬರುತ್ತವೆ.

ಕಾರ್ಯವಿಧಾನ

ಸ್ಥಳೀಯ ಸಂಸ್ಥೆಗಳ ಬಳಿ ಜಮೀನು ಇರುತ್ತದೆ, ಆದರೆ ಹಣ ಸಾಲದು. ಆದ್ದರಿಂದ ಇಲ್ಲಿ ಜಮೀನೇ ಸಾರ್ವಜನಿಕ ಪಾಲುದಾರನ ಬಂಡವಾಳವಾಗುತ್ತದೆ. ಇದಕ್ಕೆ ಎರಡು ಮುಖ್ಯ ಮಾದರಿಗಳಿವೆ. ಮೊದಲನೆಯದರಲ್ಲಿ ಖಾಸಗಿ ಸಂಸ್ಥೆಯು ಕಟ್ಟಡ ನಿರ್ಮಿಸಿ, ನಿಗದಿತ ಅವಧಿಯವರೆಗೆ ಆದಾಯ ಪಡೆದು, ನಂತರ ಅದನ್ನು ಹಸ್ತಾಂತರಿಸುತ್ತದೆ. ಎರಡನೆಯದರಲ್ಲಿ ಜಮೀನಿನ ಒಂದು ಭಾಗವನ್ನು ವಾಣಿಜ್ಯ ಬಳಕೆಗೆ ಪಡೆದು, ಅದಕ್ಕೆ ಪ್ರತಿಯಾಗಿ ಉಳಿದ ಭಾಗದಲ್ಲಿ ಸಾರ್ವಜನಿಕ ಕಟ್ಟಡಗಳನ್ನು ಕಟ್ಟಿಕೊಡುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನ ಮ್ಯಾಗ್ರಾತ್ ರಸ್ತೆಯಲ್ಲಿ ಪಾಲಿಕೆಯ ಜಮೀನಿನಲ್ಲಿ ನಿರ್ಮಾಣವಾದ ಗರುಡಾ ಮಾಲ್ 2005ರಲ್ಲಿ ಆರಂಭವಾಯಿತು. ರಾಜ್ಯ ಸರ್ಕಾರದ 2007ರ ಮೂಲಸೌಕರ್ಯ ನೀತಿಯು ಖಾಸಗಿ ಹೂಡಿಕೆಗೆ ಉತ್ತೇಜನ ನೀಡಿತು. ಜನವರಿ 2016ರಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಬೆಳಗಾವಿ ಮತ್ತು ದಾವಣಗೆರೆ ಸೇರಿದ್ದವು. ಈ ಯೋಜನೆಯ ಹಣಕಾಸು ಮೂಲಗಳಲ್ಲಿ ಸಹಭಾಗಿತ್ವವೂ ಒಂದಾಗಿತ್ತು.

ಈಜಿಪುರ ಪ್ರಕರಣ

ಬೆಂಗಳೂರಿನ ಕೋರಮಂಗಲದ ಸಮೀಪದ ಈಜಿಪುರದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದವರಿಗಾಗಿ ಪಾಲಿಕೆಯು 1990ರ ದಶಕದ ಆರಂಭದಲ್ಲಿ ವಸತಿಗೃಹಗಳನ್ನು ನಿರ್ಮಿಸಿತ್ತು. ಕೆಲವೇ ವರ್ಷಗಳಲ್ಲಿ ಅವು ಶಿಥಿಲಗೊಂಡವು, ಕೆಲವು ಕುಸಿದವು. ಜಮೀನಿನ ಒಂದು ಭಾಗದಲ್ಲಿ ವಾಣಿಜ್ಯ ಸಂಕೀರ್ಣ, ಇನ್ನೊಂದು ಭಾಗದಲ್ಲಿ ಬಡವರಿಗೆ ಮನೆ ಎಂಬ ಷರತ್ತಿನೊಂದಿಗೆ ಪುನರ್ನಿರ್ಮಾಣವನ್ನು ಸಹಭಾಗಿತ್ವಕ್ಕೆ ವಹಿಸಲಾಯಿತು. ಜನವರಿ 2013ರಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ನಿವಾಸಗಳನ್ನು ನೆಲಸಮ ಮಾಡಲಾಯಿತು. ಸುಮಾರು 1,500 ಕುಟುಂಬಗಳು ನೆಲೆ ಕಳೆದುಕೊಂಡವು. ಹಲವರು ಬಾಡಿಗೆದಾರರಾಗಿದ್ದು, ಮೂಲ ಹಂಚಿಕೆದಾರರಲ್ಲದ ಕಾರಣ ಅವರ ಹಕ್ಕು ವಿವಾದಕ್ಕೊಳಗಾಯಿತು. ಅನೇಕ ಕುಟುಂಬಗಳು ತಿಂಗಳುಗಟ್ಟಲೆ ಪಾದಚಾರಿ ಮಾರ್ಗದಲ್ಲೇ ವಾಸಿಸಿದವು. ವರ್ಷಗಳು ಕಳೆದರೂ ಹೊಸ ಮನೆಗಳು ಸಿದ್ಧವಾಗಲಿಲ್ಲ.

ಟೀಕೆ ಮತ್ತು ಸುರಕ್ಷತೆ

ಪಾಲಿಕೆಯ ಬೊಕ್ಕಸಕ್ಕೆ ಹೊರೆಯಾಗದೆ ಕಟ್ಟಡಗಳು ದೊರೆಯುತ್ತವೆ ಎಂಬುದು ಈ ವ್ಯವಸ್ಥೆಯ ಪರವಾದ ವಾದ. ಬೆಲೆಬಾಳುವ ಸಾರ್ವಜನಿಕ ಜಮೀನು ಕಡಿಮೆ ಮೌಲ್ಯಕ್ಕೆ ಕೈಬದಲಾಗುತ್ತದೆ ಎಂಬುದು ಪ್ರಮುಖ ಆಕ್ಷೇಪ. ಕಾಮಗಾರಿಯ ಅನುಕ್ರಮವೂ ಅಷ್ಟೇ ಮುಖ್ಯ: ಮೊದಲು ತೆರವು, ನಂತರ ನಿರ್ಮಾಣ ಎಂದಾದಾಗ ವಿಳಂಬದ ಭಾರವು ನಿವಾಸಿಗಳ ಮೇಲೆ ಬೀಳುತ್ತದೆ. ತೆರವಿಗೆ ಮುನ್ನ ಬಾಡಿಗೆದಾರರನ್ನೂ ಒಳಗೊಂಡ ಫಲಾನುಭವಿಗಳ ಪಟ್ಟಿ, ತಾತ್ಕಾಲಿಕ ವಸತಿ, ಹಂತಹಂತವಾದ ನಿರ್ಮಾಣ ಮತ್ತು ವಿಳಂಬಕ್ಕೆ ದಂಡ ಇವುಗಳನ್ನು ಒಪ್ಪಂದದಲ್ಲೇ ನಮೂದಿಸಿದರೆ ಈ ಅಪಾಯ ಕಡಿಮೆಯಾಗುತ್ತದೆ.